ಪಾರಮ್ಮನ ಪಾಲೆಷ್ಟು?

ನಮ್ಮ ಕಡೆ ಯಾವುದಾದರೂ ಹುಡುಗ-ಹುಡುಗಿಯ ಪ್ರಕರಣ ಕೆಟ್ಟು ಕೆರ ಹಿಡೀತು ಅಂದರೆ ಕಟ್ಟೆ ಮೇಲೆ ಮೊದಲು ಬರೋ ಮಾತು "ಹರೇದ ಹುಚ್ಚು". ಎರಡನೇ ಮಾತು, "ಸಂಗ್ಯಾ ಬಾಳ್ಯಾ ಆತು ನೋಡ್ರಿ". ಅಲ್ಲಿಗೆ ವಿಚಾರಣೆ ಮುಗೀತು. ತಪ್ಪು ಹರೇದವರದ್ದು, ತೀರ್ಪು ಹಿರಿಯರದ್ದು. ಈ ತೀರ್ಪು ಕೊಡೋರು ಆ ಆಟವನ್ನು ಪೂರ್ತಿ ನೋಡಿದ್ದಾರಾ ಅಂತ ನನಗೆ ಬಹಳ ದಿನದಿಂದ ಒಂದು ಅನುಮಾನ. ಅದನ್ನೇ ಇವತ್ತು ಬರೀತಾ ಇದೀನಿ. ಸ್ವಲ್ಪ ಉದ್ದ ಆಗಬಹುದು, ಚಹಾ ತಗೊಂಡು ಕೂತ್ಕೊಳ್ಳಿ.

ನನ್ನೂರು ದೇಗಾಂವ. ಕಿತ್ತೂರಿನ ಪಕ್ಕ. ಕಮಲನಾರಾಯಣ ಗುಡಿ ಇರೋ ಊರು ಅಂದರೆ ಇತಿಹಾಸದ ಹುಚ್ಚಿರೋ ನಾಲ್ಕು ಜನಕ್ಕೆ ಗೊತ್ತಾಗುತ್ತೆ, ಉಳಿದವರಿಗೆ ಚೆನ್ನಮ್ಮನ ಕಿತ್ತೂರು ಅಂತಲೇ ಹೇಳಬೇಕು. ಅಲ್ಲಿಂದ ಬೈಲಹೊಂಗಲ ದೂರವಲ್ಲ. 1824ರ ಯುದ್ಧ ಸೋತ ಮೇಲೆ ಇಂಗ್ಲಿಷರು ಚೆನ್ನಮ್ಮನನ್ನು ಸೆರೆ ಇಟ್ಟಿದ್ದು ಅಲ್ಲೇ, 1829ರಲ್ಲಿ ಆಕೆ ತೀರಿಕೊಂಡಿದ್ದು ಅಲ್ಲೇ, ಸಮಾಧಿಯೂ ಅಲ್ಲೇ ಇದೆ. ಅದೇ ಊರಿನ ಇನ್ನೊಂದು ಹೆಸರುವಾಸಿ ಸಾವು ಸಂಗ್ಯಾನದ್ದು. ಒಬ್ಬಳಿಗೆ ಸಮಾಧಿ ಕಟ್ಟಿದರು, ಇನ್ನೊಬ್ಬನಿಗೆ ಆಟ ಕಟ್ಟಿದರು.

ಕಥೆ ಗೊತ್ತಿಲ್ಲದ ದಕ್ಷಿಣದ ಗೆಳೆಯರಿಗೆ ಎರಡು ಮಾತು. ಸಂಗ್ಯಾ ಅಂದರೆ ಸಂಗಣ್ಣ, ಉಳ್ಳವರ ಮನೆಯ ಹುಡುಗ. ಬಾಳ್ಯಾ ಅವನ ಜೀವದ ಗೆಳೆಯ. ಈರಣ್ಣನ ಹೆಂಡತಿ ಗಂಗಿಯನ್ನು ಕಂಡು ಸಂಗ್ಯಾ ಮರುಳಾಗ್ತಾನೆ. ನಡುವೆ ಓಡಾಡೋಕೆ ಒಬ್ಬಳು ಮುದುಕಿ, ಪಾರಮ್ಮ. ಗಂಗಿ ಮೊದಲಿಗೆ ಒಪ್ಪುವುದಿಲ್ಲ. ಈರಣ್ಣ ವ್ಯಾಪಾರ ಅಂತ ಪರವೂರಿಗೆ ಹೋಗ್ತಾನೆ. ಆಮೇಲೆ ಆಗಬೇಕಾದ್ದು ಆಗುತ್ತೆ. ಸುದ್ದಿ ಒಡೆಯುತ್ತೆ, ಈರಣ್ಣ ಮತ್ತು ಅವನ ಅಣ್ಣತಮ್ಮಂದಿರು ಬಾಳ್ಯಾನನ್ನೇ ತಮ್ಮ ಕಡೆ ಮಾಡಿಕೊಳ್ತಾರೆ, ಅವನ ಕೈಯಿಂದಲೇ ಸಂಗ್ಯಾನನ್ನು ಕರೆಸಿ ಕೊಲ್ಲುತ್ತಾರೆ. ಇದು 19ನೇ ಶತಮಾನದಲ್ಲಿ ಬೈಲಹೊಂಗಲದಲ್ಲಿ ನಿಜವಾಗಿ ನಡೆದದ್ದು ಅಂತಲೇ ಊರಿನ ನೆನಪು. ಸಣ್ಣಾಟವಾಗಿ ಕಟ್ಟಿದವರು ಪತ್ತಾರ ಮಾಸ್ತರು ಅಂತ ಹೇಳ್ತಾರೆ. ಮೇಳದಿಂದ ಮೇಳಕ್ಕೆ ಸಣ್ಣಪುಟ್ಟ ಸಂಗತಿ ಬದಲಾಗುತ್ತೆ, ಆದರೆ ಮೇಲೆ ಹೇಳಿದ ಬೆನ್ನೆಲುಬು ಬದಲಾಗೋದಿಲ್ಲ.

ಸಣ್ಣಾಟ ಅಂದರೆ ಕೀಳಾಟ ಅಂತಲ್ಲ ಮತ್ತೆ! ದೊಡ್ಡಾಟದಲ್ಲಿ ರಾಮಾಯಣ, ಭಾರತ, ಕಿರೀಟ, ಭುಜಕೀರ್ತಿ, ರಕ್ಕಸರ ಅಬ್ಬರ. ಸಣ್ಣಾಟದಲ್ಲಿ ಅದ್ಯಾವುದೂ ಇಲ್ಲ. ದಪ್ಪು, ತಾಳ, ಆಮೇಲಾಮೇಲೆ ಹಾರ್ಮೋನಿಯಂ, ತಬಲಾ. ಮೈಮೇಲೆ ಊರಿನವರು ದಿನಾ ಉಡೋ ಧೋತರ, ರುಮಾಲು, ಇಳಕಲ್ ಸೀರೆ. ಕುಲಗೋಡ ತಮ್ಮಣ್ಣನ ಕೃಷ್ಣಪಾರಿಜಾತ ಕೂಡ ಈ ಸಾಲಿಗೇ ಸೇರಿದ್ದು, ಕೌಜಲಗಿ ನಿಂಗಮ್ಮ ಅದನ್ನು ಮನೆಮಾತು ಮಾಡಿದಳು. ಆದರೆ ಅಲ್ಲಿ ಕೊನೆಗೆ ಕೃಷ್ಣ ಇದ್ದಾನೆ, ಸತ್ಯಭಾಮೆಯ ಸಿಟ್ಟು ಇಳಿದೇ ಇಳಿಯುತ್ತೆ. ಸಂಗ್ಯಾಬಾಳ್ಯಾದಲ್ಲಿ ಯಾರೂ ಬರೋದಿಲ್ಲ. ದೇವರು ಬರೋದಿಲ್ಲ, ಪಂಚರು ಬರೋದಿಲ್ಲ, ಕಿತ್ತೂರು ತಗೊಂಡ ಸರಕಾರವೂ ಹೊತ್ತಿಗೆ ಬರೋದಿಲ್ಲ. ಚಂದ್ರಶೇಖರ ಕಂಬಾರರು ಈ ಆಟವನ್ನು ಸಂಪಾದಿಸಿ ಅಚ್ಚು ಹಾಕಿಸಿ, ಇದನ್ನೇ ಹಿಡಿದು ತಮ್ಮದೊಂದು ನಾಟಕವನ್ನೂ ಬರೆದ ಮೇಲೆ ಬೆಂಗಳೂರು, ಮೈಸೂರಿನ ಹವ್ಯಾಸಿ ರಂಗಭೂಮಿಗೂ ಗಂಗಿ ಗೊತ್ತಾದಳು.

ನಾನು ಸಣ್ಣವನಿದ್ದಾಗ ಈ ಆಟ ನೋಡಿದ್ದು ನಮ್ಮ ಅಮ್ಮನ (ಅಂದರೆ ಅಜ್ಜಿಯ, ನಮ್ಮಲ್ಲಿ ಹಾಗೇ ಕರೆಯೋದು) ಮಗ್ಗಲಲ್ಲಿ ಕೂತು, ಕೌದಿ ಹೊದ್ದು. ಬೆಳಗಿನ ಜಾವ ಸಂಗ್ಯಾ ಸತ್ತ. ಗಂಡಸರು "ಮಂದಿ ಹೆಂಡ್ತಿ ಮ್ಯಾಲೆ ಕಣ್ಣ ಹಾಕಿದ್ರ ಹಿಂಗ ಆಗೂದು" ಅಂತ ಎದ್ದು ಧೂಳು ಕೊಡವಿದರು. ಅಮ್ಮ ಮಾತ್ರ ಕೂತಲ್ಲೇ ಅಂದಳು: "ಅಲ್ಲೋ, ಆ ಪಾರವ್ವಗ ಯಾರೂ ಏನೂ ಅನ್ಲಿಲ್ಲಲ್ಲೋ!" ಆಗ ಅರ್ಥ ಆಗಲಿಲ್ಲ. ಕಾಲೇಜಿನಲ್ಲಿ ರೋಮಿಯೋ-ಜೂಲಿಯೆಟ್ ಪಾಠ ಇತ್ತು. ಅದರಲ್ಲಿ ದಾದಿ ಬಂದ ಕೂಡಲೇ ನನಗೆ ಪಾರಮ್ಮನೇ ಕಣ್ಣೆದುರಿಗೆ ಬಂದಳು. ಬಾಯಿ ತುಂಬಾ ಮಾತು, ಸೊಂಟ ನೋವು, ಹರೇದವರ ಗುಟ್ಟು ಹೊತ್ತು ತಿರುಗೋ ಖುಷಿ, ಕಾಲ ಬಂದಾಗ ಜಾರಿಕೊಳ್ಳೋ ಚಾಲಾಕಿ.

ಒಂದು ಸಂಗತಿ ನಮ್ಮಲ್ಲಿ ಅಷ್ಟಾಗಿ ಯಾರೂ ಹೇಳೋದಿಲ್ಲ. ಶೇಕ್ಸ್‌ಪಿಯರ್ ಈ ಕಥೆಯನ್ನು ತಗೊಂಡದ್ದು ಆರ್ಥರ್ ಬ್ರೂಕ್ ಅನ್ನೋನು 1562ರಲ್ಲಿ ಬರೆದ ಒಂದು ಉದ್ದ ಕವನದಿಂದ. ಬ್ರೂಕ್‌ನ ಮುನ್ನುಡಿ ನಮ್ಮ ಕಟ್ಟೆಯ ತೀರ್ಪಿನ ಹಾಗೇ ಇದೆ: ಈ ಹುಡುಗರು ತಂದೆತಾಯಿಯ ಮಾತು ಮೀರಿದರು, ಕುಡುಕ ಹೆಂಗಸರ, ಸನ್ಯಾಸಿಗಳ ಮಾತು ಕೇಳಿದರು, ಕೆಟ್ಟರು. ಅವನ ಜೂಲಿಯೆಟ್‌ಗೆ ಹದಿನಾರು. ಶೇಕ್ಸ್‌ಪಿಯರ್ ಅದೇ ಕಥೆ ಇಟ್ಟುಕೊಂಡು ಹುಡುಗಿಯ ವಯಸ್ಸು ಇಳಿಸಿದ. ಹದಿನಾಲ್ಕು ತುಂಬೋಕೆ ಇನ್ನೂ ಎರಡು ವಾರ ಚಿಲ್ಲರೆ ಬಾಕಿ! ಜೊತೆಗೆ ತಿಂಗಳುಗಟ್ಟಲೆ ನಡೆಯೋ ಕಥೆಯನ್ನು ನಾಲ್ಕೈದು ದಿನಕ್ಕೆ ಕುಗ್ಗಿಸಿದ. ಹುಡುಗಿ ಚಿಕ್ಕವಳಾದಷ್ಟೂ ಸುತ್ತಲಿನ ದೊಡ್ಡವರ ಹೊಣೆ ಭಾರ ಆಗುತ್ತಾ ಹೋಗುತ್ತೆ. ಅವನಿಗೆ ಬೇಕಿದ್ದದ್ದು ಅದೇ ಅಂತ ನನ್ನ ಲೆಕ್ಕ.

ಆ ದೊಡ್ಡವರನ್ನು ಒಮ್ಮೆ ನೋಡಿ. ಅಪ್ಪ ಕ್ಯಾಪುಲೆಟ್ ಮೊದಲು ಒಳ್ಳೆಯ ಮಾತೇ ಆಡ್ತಾನೆ, ಹುಡುಗಿ ಸಣ್ಣವಳು, ಇನ್ನೆರಡು ವರ್ಷ ತಡೀರಿ, ಅವಳ ಮನಸ್ಸೂ ಕೇಳಿ ಅಂತ. ಮನೆಯಲ್ಲಿ ಒಂದು ಸಾವಾದ ಕೂಡಲೇ ಅದೇ ಮನುಷ್ಯ ಗುರುವಾರವೇ ಮದುವೆ ಅಂತಾನೆ, ಮಗಳು ಒಪ್ಪದಿದ್ದರೆ ಬೀದಿಯಲ್ಲಿ ಸಾಯಿ ಅಂತಾನೆ. ಮಾರನೇ ದಿನ ಮಗಳು ಬಂದು ಕಾಲಿಗೆ ಬಿದ್ದಾಗ ಖುಷಿಯಾಗಿ ಗುರುವಾರವನ್ನು ಬುಧವಾರಕ್ಕೆ ತರ್ತಾನೆ. ಆ ಒಂದು ದಿನ! ಹುಡುಗಿ ಔಷಧ ಕುಡಿಯಬೇಕಾದ ರಾತ್ರಿ ಒಂದು ದಿನ ಮುಂಚೆ ಬಂತು, ದೂರದ ಊರಿಗೆ ಕಾಗದ ಮುಟ್ಟೋಕೆ ಇದ್ದ ಹೊತ್ತು ಅಷ್ಟು ಕಡಿಮೆ ಆಯಿತು. ಅಪ್ಪನಿಗೆ ಇದು ಯಾವುದೂ ಗೊತ್ತಿಲ್ಲ, ಪಾಪ. ತಾರೀಖು ಹಿಂದೆ ಮುಂದೆ ಮಾಡೋದು ಅಪ್ಪಂದಿರ ಹಕ್ಕು ಅಂತಷ್ಟೇ ಗೊತ್ತು.

ದಾದಿ, ತಾನೇ ಏಣಿ ತಂದು ಕೊಟ್ಟವಳು, ಗಂಡ ಊರು ಬಿಟ್ಟ ಮೇಲೆ ಅವನನ್ನು ಮರೆತು ಇನ್ನೊಬ್ಬನನ್ನು ಮದುವೆಯಾಗು ಅಂತಾಳೆ. ಸನ್ಯಾಸಿ ಲಾರೆನ್ಸ್ ಕೆಟ್ಟವನಲ್ಲ, ಅದೇ ಕಷ್ಟ. ಎರಡು ಮನೆತನ ಒಂದಾಗಲಿ ಅಂತ ಗುಟ್ಟಾಗಿ ಮದುವೆ ಮಾಡಿಸಿದ. ಇಷ್ಟು ದೊಡ್ಡ ಮನುಷ್ಯ ಎರಡೂ ಮನೆಯ ಬಾಗಿಲು ತಟ್ಟಿ "ಮದುವೆ ಆಗಿ ಹೋಗಿದೆ, ನಾನೇ ಮಾಡಿಸಿದ್ದು" ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದರ ಬದಲು ನಲವತ್ತೆರಡು ತಾಸಿನ ನಿದ್ದೆ ಔಷಧ, ಕಾಗದ, ಪ್ಲೇಗಿನ ದಿಗ್ಬಂಧನದಲ್ಲಿ ಸಿಕ್ಕಿಬಿದ್ದ ಇನ್ನೊಬ್ಬ ಸನ್ಯಾಸಿ... ಕೊನೆಗೆ ಗೋರಿಯೊಳಗೆ ಜೂಲಿಯೆಟ್ ಕಣ್ಣು ಬಿಟ್ಟಾಗ ಹೊರಗೆ ಕಾವಲಿನವರ ಸದ್ದು ಕೇಳಿ ಹುಡುಗಿಯನ್ನು ಹೆಣಗಳ ನಡುವೆ ಬಿಟ್ಟು ಓಡಿ ಹೋಗ್ತಾನೆ. ಕೊನೆಯಲ್ಲಿ ತನ್ನ ತಪ್ಪು ಬಾಯಿಬಿಟ್ಟು ಹೇಳೋ ದೊಡ್ಡವರಲ್ಲಿ ಊರಿನ ದೊರೆಯೂ ಒಬ್ಬ: ನಿಮ್ಮ ಜಗಳ ಕಂಡೂ ಕಾಣದ ಹಾಗೆ ಇದ್ದೆ, ಅದಕ್ಕೆ ನನ್ನ ನೆಂಟರನ್ನೂ ಕಳಕೊಂಡೆ ಅಂತಾನೆ.

ಈ ನಾಟಕ ಕನ್ನಡಕ್ಕೆ ಬಂದದ್ದು 1889ರಲ್ಲಿ, ಆನಂದರಾಯರ ಕೈಯಲ್ಲಿ, 'ರಾಮವರ್ಮ ಲೀಲಾವತಿ' ಅನ್ನೋ ಹೆಸರಿನಲ್ಲಿ. ರೋಮಿಯೋ ರಾಮವರ್ಮ, ಜೂಲಿಯೆಟ್ ಲೀಲಾವತಿ. ಎಲ್ಲ ಸರಿ, ಆದರೆ ಕೊನೆಗೆ ದೇವರ ಕೃಪೆಯಿಂದ ಸತ್ತವರು ಎದ್ದು ಕೂರ್ತಾರೆ! ನಗು ಬರುತ್ತೆ ನಿಜ. ಆದರೆ ಆಗಿನ ಪದ್ಧತಿಯೇ ಹಾಗೆ, ಸಂಸ್ಕೃತ ನಾಟಕದ ದಾರಿಯಲ್ಲಿ ಬಂದವರಿಗೆ ರಂಗದ ಮೇಲೆ ಹೆಣ ಬಿಟ್ಟು ತೆರೆ ಎಳೆಯೋದು ಅಮಂಗಳ. ಕನ್ನಡದಲ್ಲಿ ರುದ್ರನಾಟಕವನ್ನು ಗಟ್ಟಿಯಾಗಿ ನೆಟ್ಟವರು ಬಿಎಂಶ್ರೀ, ಅವರ 'ಅಶ್ವತ್ಥಾಮನ್' ಬಂದದ್ದು 1929ರಲ್ಲಿ, ಸೋಫೋಕ್ಲಿಸನ ನಾಟಕದ ಅಚ್ಚಿನಲ್ಲಿ. ಪಠ್ಯಪುಸ್ತಕದಲ್ಲಿ ಹೀಗೇ ಓದಿದ್ದೇವೆ. ಅಲ್ಲಾ ಸ್ವಾಮಿ, ಭರತನನ್ನೂ ಓದದ, ಸೋಫೋಕ್ಲಿಸನನ್ನೂ ಕೇಳದ ನಮ್ಮ ಹೊಂಗಲದ ಮಂದಿ ಸತ್ತವನನ್ನು ಸತ್ತಲ್ಲೇ ಬಿಟ್ಟು ಆಟ ಮುಗಿಸಿದರಲ್ಲ, ಅದನ್ನು ಯಾವ ಪಾಠದಲ್ಲಿ ಸೇರಿಸೋಣ?

ಸತ್ತವರನ್ನು ಎಬ್ಬಿಸಿದಾಗ ಆಗೋ ನಷ್ಟ ಏನು ಅಂದರೆ, ದೊಡ್ಡವರೆಲ್ಲ ಬಚಾವಾಗ್ತಾರೆ. ಅಪ್ಪ ಅಳಬೇಕಾಗಿಲ್ಲ, ಸನ್ಯಾಸಿ ಉತ್ತರ ಕೊಡಬೇಕಾಗಿಲ್ಲ. ಎಲ್ಲರೂ ಮಂಗಳ ಹಾಡಿ ಮನೆಗೆ ಹೋಗಬಹುದು.

ಈಗ ಹೊಂಗಲಕ್ಕೆ ವಾಪಸ್ ಬರೋಣ. ಸಂಗ್ಯಾನನ್ನು ನಾನು ಹೂವಿನಂಥ ಹುಡುಗ ಅಂತ ಹೇಳೋದಿಲ್ಲ. ದುಡ್ಡು ಕೊಟ್ಟು ಮುದುಕಿಯನ್ನು ಕಳಿಸೋನು ರೋಮಿಯೋ ಅಲ್ಲ. ನಿಜ ಹೇಳಬೇಕೆಂದರೆ ಅವನ ಮೇಲೆ ನನಗೆ ಅಂಥ ಪ್ರೀತಿಯಿಲ್ಲ. ಗಂಗಿ ಬೇರೆಯವನ ಹೆಂಡತಿ, ಅದೂ ನಿಜ. ಆದರೆ ಅವಳು ಹೇಗೆ ಹೆಂಡತಿಯಾದಳು ಅಂತ ಯಾರಾದರೂ ಕೇಳ್ತಾರಾ? ಆ ಕಾಲದಲ್ಲಿ ಹೆಣ್ಣಿಗೆ ಬುದ್ಧಿ ಬರೋಕೆ ಮುಂಚೆ ಹಿರಿಯರು ಗಂಟು ಹಾಕಿ ಮುಗಿಸ್ತಾ ಇದ್ದರು. ವ್ಯಾಪಾರ ಅಂದರೆ ಇವತ್ತು ಹೋಗಿ ನಾಳೆ ಬರೋದಲ್ಲ. ಧಾರವಾಡ, ಬೆಳಗಾವಿಗೆ ರೈಲು ಬಂದದ್ದೇ 1880ರ ದಶಕದ ಕೊನೆಗೆ, ಸದರ್ನ್ ಮರಾಠಾ ಕಂಪನಿಯದು. ಅಲ್ಲೀತನಕ ಎತ್ತಿನ ಬಂಡಿ, ಹೇರಿನ ಎತ್ತು. ಗಂಡ ಊರು ಬಿಟ್ಟರೆ ವಾರ, ತಿಂಗಳು. ಅಷ್ಟು ದಿನ ಮನೆಯಲ್ಲಿ ಹೆಣ್ಣೊಂದು ಇದೆ ಅನ್ನೋದು ಗಂಡನಿಗೂ ಅವನ ಅಣ್ಣತಮ್ಮಂದಿರಿಗೂ ನೆನಪಾಗಿದ್ದು ಮರ್ಯಾದೆ ಹೋದ ಮೇಲೆ.

ಸರಿ, ಆಗಿದ್ದು ಆಗಿ ಹೋಯಿತು. ಆಗಲಾದರೂ ಕೊಲೆಯೊಂದೇ ದಾರಿಯಾಗಿತ್ತಾ? ಇಲ್ಲ! ನಮ್ಮ ಕಡೆಯ ಎಷ್ಟೋ ಸಮಾಜಗಳಲ್ಲಿ ಉಡಿಕಿ (ಸೀರುಡಿಕಿ ಅಂತಲೂ ಅಂತಾರೆ) ಅನ್ನೋ ಪದ್ಧತಿ ಇತ್ತು. ಗಂಡ ಸತ್ತವಳು, ಗಂಡನಿಂದ ಬಿಡುಗಡೆಯಾದವಳು ಇನ್ನೊಬ್ಬನ ಕೈಯಿಂದ ಸೀರೆ ಉಟ್ಟು ಹೊಸ ಸಂಸಾರ ಹೂಡಬಹುದು. ಮದುವೆಯಷ್ಟು ಮರ್ಯಾದೆ ಇಲ್ಲ, ಅದ್ದೂರಿ ಇಲ್ಲ, ಆದರೆ ಜೀವ ಉಳಿಯುತ್ತೆ. ನಾಲ್ಕು ಮಂದಿ ಹಿರಿಯರು ಗುಡಿಯ ಕಟ್ಟೆ ಮೇಲೆ ಕೂತು ಮಾತಾಡಬೇಕಿತ್ತು, ದಂಡ-ಗಿಂಡ ಹಾಕಬೇಕಿತ್ತು, ಗಂಗಿಯನ್ನು ಬಿಡಿಸಬೇಕಿತ್ತು. ಇಡೀ ಆಟದಲ್ಲಿ ಆ ಕಟ್ಟೆ ಖಾಲಿ.

ಸರಕಾರದ ಕಟ್ಟೆಯಲ್ಲಿ ಏನು ನಡೀತಿತ್ತು ಅನ್ನೋದಕ್ಕೆ ಒಂದು ಉದಾಹರಣೆ ಸಾಕು. ಬೆಳಗಾವಿ ಜಿಲ್ಲೆ ಆಗ ಮುಂಬೈ ಇಲಾಖೆಯಲ್ಲಿತ್ತು. ಅದೇ ಮುಂಬೈಯಲ್ಲಿ ರಖಮಾಬಾಯಿ ಅನ್ನೋ ಹುಡುಗಿ, ಹನ್ನೊಂದಕ್ಕೆ ಮದುವೆಯಾದವಳು, ಗಂಡನ ಮನೆಗೆ ಹೋಗೋದಿಲ್ಲ ಅಂದಳು. 1884ರಲ್ಲಿ ಗಂಡ ದಾವೆ ಹಾಕಿದ. ಮೊದಲ ನ್ಯಾಯಾಧೀಶ ಅವಳ ಪರ ಹೇಳಿದ, ಆದರೆ 1887ರಲ್ಲಿ ಇನ್ನೊಬ್ಬ ನ್ಯಾಯಾಧೀಶ "ಗಂಡನ ಮನೆಗೆ ಹೋಗು, ಇಲ್ಲಾ ಆರು ತಿಂಗಳು ಜೈಲಿಗೆ ಹೋಗು" ಅಂದ. ಜೈಲೇ ಇರಲಿ ಅಂದಳು ಆಕೆ. 1888ರಲ್ಲಿ ಗಂಡನಿಗೆ ಎರಡು ಸಾವಿರ ರೂಪಾಯಿ ಕೊಟ್ಟು ರಾಜಿ ಆಯಿತು. ಆಮೇಲೆ ಲಂಡನ್ನಿಗೆ ಹೋಗಿ ಡಾಕ್ಟರಾಗಿ ಬಂದಳು. ಅವಳ ಬೆನ್ನಿಗೆ ಡಾಕ್ಟರಾಗಿದ್ದ ಮಲತಂದೆ ಇದ್ದ, ಪತ್ರಿಕೆಗಳಿದ್ದವು. ಗಂಗಿಯ ಬೆನ್ನಿಗೆ ಇದ್ದವಳು ಪಾರಮ್ಮ!

ಅತ್ತ ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಒಂದು ಕಾಯಿದೆ ಬಂತು: ಎಂಟು ವರ್ಷದೊಳಗಿನ ಹೆಣ್ಣಿಗೆ ಮದುವೆ ಕೂಡದು, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳಕೂಡದು. ಹೀಗೆ ಒಂದು ಕಾಯಿದೆ ಬರೆದು ತಡೀಬೇಕಾಗಿತ್ತು ಅಂದರೆ ಏನೇನು ನಡೀತಿತ್ತು ಅಂತ ನೀವೇ ಊಹಿಸಿ. ನಮ್ಮ ಕಡೆ ಹಿಂದೂ ಹೆಣ್ಣು ಕೋರ್ಟಿನಲ್ಲಿ ಬಿಡುಗಡೆ ಕೇಳೋ ಕಾಯಿದೆ ಬಂದದ್ದು 1947ರಲ್ಲಿ, ಮುಂಬೈ ಪ್ರಾಂತ್ಯದ ವಿಚ್ಛೇದನ ಕಾಯಿದೆ. ಇಡೀ ದೇಶಕ್ಕೆ 1955ರಲ್ಲಿ. ಇನ್ನೊಬ್ಬನ ಹೆಂಡತಿಯ ಜೊತೆಗಿನ ಸಂಬಂಧವನ್ನು ಗಂಡನ ಆಸ್ತಿಗೆ ಕೈ ಹಾಕಿದ ಅಪರಾಧದ ಹಾಗೆ ನೋಡ್ತಿದ್ದ 497ನೇ ಕಲಮು ಸುಪ್ರೀಂ ಕೋರ್ಟಿನಲ್ಲಿ ಬಿದ್ದದ್ದು 2018ರಲ್ಲಿ. ಸಂಗ್ಯಾ ಸತ್ತು ಒಂದೂವರೆ ಶತಮಾನದ ಆಸುಪಾಸು.

ಹಿರಿಯರೆಲ್ಲ ಹೇಡಿಗಳು ಅಂತ ಬರೆದು ಕೈತೊಳೆದುಕೊಂಡರೆ ನನ್ನೂರಿನ ಸುತ್ತಲಿನ ಇತಿಹಾಸವೇ ಎದ್ದು ಬಂದು ಕಪಾಳಕ್ಕೆ ಹೊಡೀತದೆ. ನಮ್ಮಿಂದ ಅಷ್ಟೇನೂ ದೂರವಿಲ್ಲದ ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ದಂಡೆಗೆ ಗಂಗಾಂಬಿಕೆಯ ಐಕ್ಯಸ್ಥಳ ಇದೆ. ಕಲ್ಯಾಣ ಬಿಟ್ಟ ಶರಣರು ಉಳವಿಯ ಕಡೆ ನಡೆದ ಹಾದಿ ಇದು. ಅವರು ಕಲ್ಯಾಣ ಬಿಡೋಕೆ ಕಾರಣವಾದದ್ದೂ ಒಂದು ಹುಡುಗ-ಹುಡುಗಿಯ ಮದುವೆಯೇ ಅಂತ ಪರಂಪರೆ ಹೇಳುತ್ತೆ, ಹರಳಯ್ಯನ ಮಗ, ಮಧುವರಸನ ಮಗಳು. ಅಲ್ಲಿ ಹಿರಿಯರು ಗುಟ್ಟು ಮಾಡಲಿಲ್ಲ, ಊರೆದುರಿಗೆ ಮದುವೆ ಮಾಡಿದರು, ಅದಕ್ಕೆ ಎರಡೂ ಕಡೆಯ ಅಪ್ಪಂದಿರು ಎಳೆಹೂಟೆ ಶಿಕ್ಷೆಗೆ ತಮ್ಮ ಪ್ರಾಣವನ್ನೇ ಕೊಟ್ಟರು. ಹುಡುಗರ ಬದಲು ಹಿರಿಯರು ಸತ್ತ ಕಥೆ ಇನ್ನೆಲ್ಲಾದರೂ ಇದೆಯಾ? ನನಗಂತೂ ಲಾರೆನ್ಸನ ಪಕ್ಕದಲ್ಲಿ ಹರಳಯ್ಯನನ್ನು ಇಟ್ಟು ನೋಡಿದಾಗ ಸನ್ಯಾಸಿ ಬಹಳ ಸಣ್ಣವನಾಗಿ ಕಾಣ್ತಾನೆ.

ಬಾಳ್ಯಾನ ಬಗ್ಗೆ ಹೆಚ್ಚು ಬರೆಯೋಕೆ ಮನಸ್ಸಿಲ್ಲ. ಅವನು ಹಿರಿಯನಲ್ಲ. ಆದರೆ ಅವನನ್ನು ಆ ಕೆಲಸಕ್ಕೆ ಹಚ್ಚಿದವರು ಸಂಸಾರಸ್ಥರು, ಊರಲ್ಲಿ ಮರ್ಯಾದೆ ಇದ್ದವರು. ಕೊಲೆಗೆ ಗೆಳೆತನವನ್ನೇ ಹಗ್ಗ ಮಾಡಿಕೊಳ್ಳೋಣ ಅನ್ನೋ ಯೋಚನೆ ಹರೇದ ಹುಚ್ಚಿನಿಂದ ಬರೋದಲ್ಲ.

ಇದನ್ನೆಲ್ಲ ಈಗ ಯಾಕೆ ಕೆದಕ್ತಾ ಇದೀನಿ ಅಂದರೆ, ಹೋದ ತಿಂಗಳು ನಮ್ಮ ಬಳಗದ ಮನೆಯೊಂದರಲ್ಲಿ ಹಿರಿಯರು ಕೂಡಿದ್ದರು. ವಯಸ್ಸಿನ ಲೆಕ್ಕದಲ್ಲಿ ಈಗ ನಾನೂ ಆ ಸಾಲಿಗೆ ಸೇರಿಬಿಟ್ಟಿದ್ದೀನಿ :-) ಹುಡುಗಿ ಬಿ.ಎಡ್. ಓದ್ತಾ ಇದಾಳೆ, ತಾನು ಮೆಚ್ಚಿದ ಹುಡುಗನ ಹೆಸರು ಹೇಳಿದಾಳೆ. ಗದ್ದಲ ಏನೂ ಆಗಲಿಲ್ಲ, ಎಲ್ಲರೂ ಸಾವಕಾಶವಾಗಿ ಅವಲಕ್ಕಿ ತಿಂತಾ ಮಾತಾಡಿದರು. ಬಂದ ಮೊದಲ ಸಲಹೆ ಏನು ಗೊತ್ತಾ? ಬೇರೆ ಕಡೆ ಗೊತ್ತು ಮಾಡಿದ್ದ ನಿಶ್ಚಯವನ್ನು ದೀಪಾವಳಿ ಆದ ಮೇಲೆ ಅಂತ ಇಟ್ಟುಕೊಂಡಿದ್ದನ್ನು ಮುಂದಿನ ವಾರಕ್ಕೇ ತರೋಣ! ಎರಡನೇ ಸಲಹೆ, ಹುಡುಗಿಗೆ ಸಲುಗೆ ಇರೋ ಒಬ್ಬ ಚಿಗವ್ವನ ಕೈಲಿ ಬುದ್ಧಿ ಹೇಳಿಸೋಣ. ನನಗೆ ಕುರ್ಚಿಯಿಂದ ಬೀಳೋ ಹಾಗಾಯಿತು. ಬುಧವಾರವೂ ಬಂತು, ದಾದಿಯೂ ಬಂದಳು. ನಾನು ಕೇಳಿದ್ದು ಒಂದೇ: "ತಾರೀಖು ಹಿಂದಕ್ಕೆ ತರೂದು ಬ್ಯಾಡ್ರಿ, ಹುಡುಗೀನ ಇಲ್ಲೇ ಕರೀರಿ, ನಮ್ಮೆದುರಿಗೇ ಮಾತಾಡ್ಲಿ." ಕರೆದರು. ಮಾತಾಡಿದಳು, ನಾವು ಐದು ಮಂದಿ ಗಂಡಸರಿಗಿಂತ ನೆಟ್ಟಗೆ ಮಾತಾಡಿದಳು. ಒಪ್ಪಿಗೆ ಆಗಿದೆ ಅಂತ ಹೇಳೋ ಹಾಗಿಲ್ಲ. ತಾರೀಖು ಮಾತ್ರ ಇನ್ನೂ ದೀಪಾವಳಿ ಆಚೆಗೇ ಇದೆ, ಹುಡುಗನ ಮನೆಗೆ ಇಬ್ಬರು ಹೋಗಿ ಬರೋದು ಅಂತಾಗಿದೆ.

ಇನ್ನೊಂದು ಮಾತು ಉಳೀತು. ಆಟದ ಹೆಸರಿನಲ್ಲಿ ಎರಡು ಗಂಡು ಹೆಸರಿವೆ, ಗಂಗಿ ಇಲ್ಲ. ಕೊಲೆಗೆ ಕಾರಣ ಅಂತ ಎಲ್ಲರೂ ಬೆರಳು ಮಾಡೋದು ಅವಳ ಕಡೆ, ಹೆಸರಿಡುವಾಗ ಮಾತ್ರ ಅವಳನ್ನು ಬಿಟ್ಟರು. ನಮ್ಮೂರಿನ ಗುಡಿಯಲ್ಲಿ ಇದಕ್ಕೆ ತಿರುಗಾಮುರುಗಾ. 12ನೇ ಶತಮಾನದಲ್ಲಿ ಗೋವೆಯ ಕದಂಬರ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ್ದು ಅದು. ನಾರಾಯಣನಿಗೆ ತನ್ನ ಹೆಸರನ್ನೇ ಮುಂದೆ ಹಚ್ಚಿದಳು, ಕಮಲನಾರಾಯಣ ಅಂತ. ಅರಸ ಬೇಡ ಅನ್ನಲಿಲ್ಲ ಅಂತ ಕಾಣುತ್ತೆ. ಒಳಗಿನ ಕಂಬ, ಚಾವಣಿ ನೋಡೋಕಾದರೂ ಒಮ್ಮೆ ಬನ್ನಿ. ಕಿತ್ತೂರಿಗೆ ಬರೋರು ಕೋಟೆ ನೋಡಿ ಹಂಗೇ ಹೆದ್ದಾರಿ ಹಿಡೀತಾರೆ, ಅದೊಂದು ಬೇಜಾರು.

ನಿಮ್ಮ ಊರಿನ ಕಡೆ ಸಂಗ್ಯಾಬಾಳ್ಯಾ ಆಡಿದರೆ ತಪ್ಪದೆ ನೋಡಿ. ಪಾರಮ್ಮ ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸೋವಾಗ ಸುತ್ತಲಿನ ಮಂದಿ ಏನು ಮಾಡ್ತಾರೆ ಅಂತ ಗಮನಿಸಿ ನನಗೊಂದು ಸಾಲು ಬರೀರಿ. ನಮ್ಮ ಕಡೆ ಎಲ್ಲರೂ ನಗ್ತಾರೆ.